ಚಾರ್ಟಿನಲ್ಲಿ ತಾಜಮಹಲು, ಪಕ್ಕದಲ್ಲಿ ಹೇಮಾವತಿ

ಸಮಾಜ ವಿಜ್ಞಾನದ ಪ್ರಾಜೆಕ್ಟ್ ತನ್ನಿ ಎಂದರೆ ನಮ್ಮ ಮಕ್ಕಳು ಏನು ತರುತ್ತಾರೆ ಗೊತ್ತೆ? ಅಂಗಡಿಯಲ್ಲಿ ಕೊಂಡ ಚಿತ್ರಗಳ ಹಾಳೆ. ತಾಜಮಹಲು, ಕುತುಬ್ ಮಿನಾರು ಕತ್ತರಿಸಿ ಚಾರ್ಟಿಗೆ ಅಂಟಿಸಿದರೆ ಮುಗಿಯಿತು. ನಾವೂ ಅಂಕ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ತಪ್ಪು ಮಕ್ಕಳದ್ದಲ್ಲ, ನಮ್ಮದೇ.

ಮಡಕಶಿರಾ ಕಡೆಯ ಮಕ್ಕಳಿಗೆ ಅಮರಾಪುರಂ ಮಂಡಲದ ಹೇಮಾವತಿ ದೂರವೇನಲ್ಲ. ಅದು ಹಳೆಯ ಹೆಂಜೇರು, ನೊಳಂಬರ ರಾಜಧಾನಿ. ದೊಡ್ಡೇಶ್ವರ ಗುಡಿಯ ಕಲ್ಲಿನ ಜಾಲಂಧ್ರಗಳನ್ನು ನೋಡಿದರೆ ಮರದಲ್ಲಿ ಕೊರೆದರೇನೋ ಅನಿಸುತ್ತದೆ. ಸಿದ್ದೇಶ್ವರ ಗುಡಿಯಲ್ಲಂತೂ ಶಿವ ಲಿಂಗವಾಗಿಲ್ಲ, ಮನುಷ್ಯರೂಪದಲ್ಲಿ ಕುಳಿತಿದ್ದಾನೆ! ನೊಳಂಬರ ಕಂಬಗಳನ್ನು ಚೋಳರು ಹೊತ್ತೊಯ್ದರು. ತಂಜಾವೂರಿನ ಹತ್ತಿರದ ತಿರುವಯ್ಯಾರಿನ ಗುಡಿಯಲ್ಲಿ ಅವು ಇವತ್ತಿಗೂ ನಿಂತಿವೆ. ಇಲ್ಲಿನ ಕೆಲವು ವಿಗ್ರಹಗಳು ಚೆನ್ನೈ ಮ್ಯೂಸಿಯಂ ಸೇರಿವೆ. ಉಳಿದಿರುವ ಶಾಸನಗಳೋ, ಕನ್ನಡದವು. "ಆಂಧ್ರದಲ್ಲಿದ್ದು ಕನ್ನಡ ಯಾಕೆ ಓದ್ತೀರಿ?" ಎಂದು ಕೇಳಿಸಿಕೊಂಡು ತಲೆ ತಗ್ಗಿಸುವ ಹುಡುಗನನ್ನು ಒಮ್ಮೆ ಆ ಕಲ್ಲಿನ ಮುಂದೆ ನಿಲ್ಲಿಸಬೇಕು. (ಹಳೆಯ ಲಿಪಿ ಓದಲು ನಾವೂ ತಡವರಿಸುತ್ತೇವೆ, ಅದು ಬೇರೆ ಮಾತು.)

ರಾಯದುರ್ಗದ ಕಥೆಯೂ ಅಷ್ಟೆ. ಊರ ಮೇಲೇ ಕೋಟೆಯ ಬೆಟ್ಟ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆದವಾನಿ, ಆಲೂರು ತಾಲೂಕುಗಳು ಆ ಕಡೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಮನೆಯಲ್ಲಿ ವಯಸ್ಸಾದವರಿದ್ದರೆ ಆಗ ಏನಾಯಿತೆಂದು ಮಕ್ಕಳೇ ಕೇಳಿ ಬರೆಯಬಹುದಲ್ಲ?

ಇನ್ನು ಕೆಲಸಗಳು. ಮನೆಯವರ ಕೆಲಸದ ಬಗ್ಗೆ ಬರೆಯಿರಿ ಎಂದಾಗ ರಾಯದುರ್ಗದ ಒಬ್ಬ ಹುಡುಗಿ ಹಾಳೆ ಖಾಲಿ ಬಿಟ್ಟಿದ್ದಳು. ವಿಚಾರಿಸಿದರೆ, "ಅಮ್ಮ ಪ್ಯಾಂಟಿನ ದಾರ ಕತ್ತರಿಸ್ತಾಳೆ ಸಾರ್, ಅದನ್ನೇನು ಬರೆಯೋದು?" ಅಂದಳು. ಒಂದು ಜೀನ್ಸ್ ಪ್ಯಾಂಟು ಅಂಗಡಿ ಸೇರುವ ಮೊದಲು ಎಷ್ಟು ಕೈ ದಾಟುತ್ತದೆ ಎಂದು ಕೇಳಿದೆವು. ಕತ್ತರಿಸುವವರು, ಹೊಲಿಯುವವರು, ಕಾಜಾ ಹಾಕುವವರು, ಗುಂಡಿ ಕೂರಿಸುವವರು, ಒಗೆಯುವವರು, ಇಸ್ತ್ರಿ ಮಾಡುವವರು... ನಿಲ್ಲದೆ ಹೇಳಿದಳು. ಒಂದು ಪೀಸಿಗೆ ಯಾರಿಗೆ ಎಷ್ಟು ಕೂಲಿ ಎಂಬುದೂ ಅವಳ ಬಾಯಲ್ಲಿತ್ತು. ಇದು ಅರ್ಥಶಾಸ್ತ್ರವಲ್ಲದೆ ಮತ್ತೇನು? ಮಡಕಶಿರಾ ಕಡೆ ಹುಣಸೆಹಣ್ಣಿನ ಓಡು ಬಿಡಿಸಿ ಬೀಜ ತೆಗೆಯುವ ಹೆಂಗಸರಿದ್ದಾರೆ, ರೇಷ್ಮೆಹುಳುವಿಗೆ ರಾತ್ರಿಯೂ ಸೊಪ್ಪು ಹಾಕುವ ಮನೆಗಳಿವೆ. ಕಂಬಳಿ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆಂಬುದು ನಮಗೆ ಗೊತ್ತಾದದ್ದೂ ಒಬ್ಬ ವಿದ್ಯಾರ್ಥಿಯಿಂದಲೇ.

"ಇದೆಲ್ಲ ಪಬ್ಲಿಕ್ ಪರೀಕ್ಷೆಗೆ ಬರುತ್ತಾ?" ಎಂದು ಪೋಷಕರು ಕೇಳುತ್ತಾರೆ, ಸಹೋದ್ಯೋಗಿಗಳೂ ಕೇಳುತ್ತಾರೆ. ಬರುವುದಿಲ್ಲ, ಒಪ್ಪುತ್ತೇವೆ. ಆದರೆ ತಾಜಮಹಲಿನ ಚಾರ್ಟು ಮಾತ್ರ ಬರುತ್ತದೆಯೆ? ಹೇಗೂ ಪ್ರಾಜೆಕ್ಟ್ ಮಾಡಿಸಲೇಬೇಕು. ಅದು ಊರಿನದ್ದೇ ಆಗಲಿ, ಕನ್ನಡದಲ್ಲೇ ಇರಲಿ. ಇನ್ನೂರು ಪುಟದ ಒಂದು ನೋಟ್‌ಬುಕ್ಕು ತರಗತಿಗೆಲ್ಲ ಸಾಕು. ಈ ವರ್ಷ ಬರೆದ ಮಕ್ಕಳು ಅದನ್ನು ಶಾಲೆಯಲ್ಲೇ ಬಿಟ್ಟುಹೋಗಲಿ, ಮುಂದಿನ ವರ್ಷದವರು ಅಲ್ಲಿಂದ ಮುಂದುವರಿಸಲಿ. ಆ ಹುಡುಗಿಯ ದಾರ ಕತ್ತರಿಸುವ ಪುಟ ನಮ್ಮ ನೋಟ್‌ಬುಕ್ಕಿನ ಮೊದಲ ಪುಟ.