ರಸಾಯನ ಒಂದೇ, ಹೆಸರು ಮೂರು

ಆಸ್ಪರಿ: ತಾಮ್ರದ ಆಕ್ಸೈಡಿಗೆ ಆಮ್ಲ ಹಾಕಿದರೆ ಲವಣ ಮತ್ತು ನೀರು ಉಂಟಾಗುತ್ತವೆ. ಇದು ಹತ್ತನೇ ತರಗತಿಯ ರಸಾಯನಶಾಸ್ತ್ರದ ಪಾಠ. ಹಾಗಾದರೆ ಈ ತಾಮ್ರದ ಆಕ್ಸೈಡನ್ನು ಏನಂತ ಕರೆಯಬೇಕು? ತೆಲುಗು ಪುಸ್ತಕದಲ್ಲಿ ಅದು ‘ಕ್ಷಾರಂ’. ಕನ್ನಡ ಪುಸ್ತಕದಲ್ಲಿ ‘ಪ್ರತ್ಯಾಮ್ಲ’. ಕನ್ನಡದಲ್ಲಿ ಕ್ಷಾರ ಅಂದರೆ ನೀರಲ್ಲಿ ಕರಗುವ ಪ್ರತ್ಯಾಮ್ಲ ಮಾತ್ರ. ತಾಮ್ರದ ಆಕ್ಸೈಡ್ ಕರಗುವುದಿಲ್ಲ. ಹೀಗಾಗಿ ತೆಲುಗಿನಲ್ಲಿ ಸರಿಯಾದ ಉತ್ತರವನ್ನೇ ಕನ್ನಡದಲ್ಲಿ ಬರೆದರೆ ತಪ್ಪು!

ಪಶ್ಚಿಮ ಕರ್ನೂಲಿನ ಕನ್ನಡ ಮನೆಗಳ ಮಕ್ಕಳು ಸಿಕ್ಕಿಬೀಳುವುದು ಇಲ್ಲೇ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಇಂಟರ್ ಅಥವಾ ಪಿಯುಸಿ ಸೈನ್ಸ್‌ಗೆ ಹೋದರೆ ಇಂಗ್ಲಿಷ್. ಅಲ್ಲಿ ಅದೇ ವಸ್ತು ‘ಬೇಸ್’.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಹಳೇ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಉಳಿದವು. ಬಳ್ಳಾರಿ ಮೈಸೂರಿಗೆ ಸೇರಿತು. ಗೆರೆ ಎಳೆದವರು ಹೋದರು, ನೆಂಟಸ್ತನ ಉಳಿಯಿತು. ಈಗಲೂ ಮದುವೆ, ಜಾತ್ರೆ, ಓದು ಅಂತ ಜನ ಎರಡೂ ಕಡೆ ಓಡಾಡುತ್ತಲೇ ಇದ್ದಾರೆ.

ಪಾಠದ ವಿಷಯದಲ್ಲಂತೂ ಈಗ ಗಡಿ ಅಳಿಸಿಹೋಗಿದೆ. ಕರ್ನಾಟಕ ಮೊದಲೇ ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯ ತಂದಿತ್ತು. 2024–25ರಿಂದ ಆಂಧ್ರದ ಹತ್ತನೇ ತರಗತಿಗೂ ಅದೇ ಬಂದಿದೆ. ರಾಸಾಯನಿಕ ಕ್ರಿಯೆಗಳು, ಆಮ್ಲ–ಪ್ರತ್ಯಾಮ್ಲ–ಲವಣ, ಲೋಹ–ಅಲೋಹ, ಕಾರ್ಬನ್ ಸಂಯುಕ್ತಗಳು – ಆಸ್ಪರಿಯ ಹುಡುಗಿಗೂ ಬಳ್ಳಾರಿಯ ಅವಳ ಚಿಕ್ಕಪ್ಪನ ಮಗನಿಗೂ ಇವೇ ಪಾಠ. ಸಮೀಕರಣವೂ ಒಂದೇ.

ಬೇರೆಯಾಗಿರುವುದು ಹೆಸರು. ಕನ್ನಡದ ಧಾತು ತೆಲುಗಿನಲ್ಲಿ ಮೂಲಕಂ. ಸಂಯುಕ್ತ ಅಲ್ಲಿ ಸಮ್ಮೇಳನಂ. ಸಾರಜನಕ ಅಲ್ಲಿ ನತ್ರಜನಿ. ಜಲಜನಕ ಅಲ್ಲಿ ಉದಜನಿ. ಕೊನೆಯ ಎರಡಕ್ಕೂ ಅರ್ಥ ಒಂದೇ, ನೀರನ್ನು ಹುಟ್ಟಿಸುವುದು. ಇಂಗ್ಲಿಷಿನ ಹೈಡ್ರೋಜನ್ ಎಂಬ ಗ್ರೀಕ್ ಮೂಲದ ಮಾತಿಗೂ ಅದೇ ಅರ್ಥ. ಇದನ್ನು ಒಂದು ಸಲ ಬಿಡಿಸಿ ಹೇಳಿದರೆ ಮಗು ಮೂರು ಪದ ಬಾಯಿಪಾಠ ಮಾಡಬೇಕಿಲ್ಲ. ಹೇಳದಿದ್ದರೆ ಒಂದನ್ನೇ ಮೂರು ಅಂದುಕೊಳ್ಳುತ್ತದೆ.

“ಹೆಂಗೂ ಮುಂದೆ ಇಂಗ್ಲಿಷೇ ಅಲ್ಲೇನ್ರಿ, ಕನ್ನಡ ಪದ ಯಾಕೆ ಬೇಕು?” ಅನ್ನುವ ಪೋಷಕರಿದ್ದಾರೆ. ಅವರ ಆತಂಕ ಸುಳ್ಳಲ್ಲ. ಆದರೆ ‘ಪ್ರತ್ಯಾಮ್ಲ’ ಅಂದ ಕೂಡಲೇ ಆಮ್ಲಕ್ಕೆ ಎದುರಾದದ್ದು ಅಂತ ಕನ್ನಡದ ಮಗುವಿಗೆ ಹೊಳೆಯುತ್ತದೆ. ‘ಬೇಸ್’ ಅನ್ನುವ ಪದ ಆ ಸುಳಿವು ಕೊಡುವುದಿಲ್ಲ. ತಿಳಿದದ್ದಕ್ಕೆ ಇಂಗ್ಲಿಷ್ ಹೆಸರು ಕಲಿಯುವುದು ಸುಲಭ. ತಿಳಿಯದ್ದನ್ನು ಇಂಗ್ಲಿಷಿನಲ್ಲಿ ಉರು ಹೊಡೆಯುವುದು ಪರೀಕ್ಷೆಯ ಮರುದಿನಕ್ಕೂ ಉಳಿಯುವುದಿಲ್ಲ.

ಪ್ರಯೋಗಶಾಲೆ ಸರಿಯಿಲ್ಲ ಅಂತ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕುದಿಯುವಷ್ಟು ಬಿಸಿಯಾಗುತ್ತದಲ್ಲ, ಅದು ಮೊದಲ ಪಾಠ. ಆ ಸುಣ್ಣ ಬಳಿದ ಗೋಡೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಎರಡು ಮೂರು ದಿನಕ್ಕೆ ಬೆಳ್ಳಗೆ ಹೊಳೆಯುವುದೂ ಅದೇ ಪಾಠ. ಅರಿಶಿನದ ಕಲೆ ಸೋಪು ತಾಗಿದ ಕೂಡಲೇ ಕೆಂಪಾಗುವುದು ಎರಡನೆಯದು. ಸೌಳು ಹೊಲಕ್ಕೆ ಜಿಪ್ಸಂ ಯಾಕೆ ಹಾಕುತ್ತಾರೆ? ಮಣ್ಣಿನ ಸೋಡಿಯಂ ಜಾಗಕ್ಕೆ ಕ್ಯಾಲ್ಸಿಯಂ ಬರಲಿ ಅಂತ. ಬೋರ್‌ವೆಲ್ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಬಾರದು ಅನ್ನುವುದನ್ನೂ ಈ ಭಾಗದ ಮಕ್ಕಳು ಅಂಕಕ್ಕಲ್ಲ, ಹಲ್ಲು–ಮೂಳೆ ಉಳಿಸಿಕೊಳ್ಳಲು ಕಲಿಯಬೇಕು.

ಆಗಬೇಕಾದ ಕೆಲಸ ದೊಡ್ಡದಲ್ಲ. ಈ ನಾಲ್ಕು ಪಾಠಗಳ ಮುಖ್ಯ ಪದಗಳನ್ನು ಕನ್ನಡ, ತೆಲುಗು, ಇಂಗ್ಲಿಷ್ ಅಂತ ಮೂರು ಸಾಲಿನಲ್ಲಿ ಅಚ್ಚು ಹಾಕಿಸಿದರೆ ಸಾಕು. ನಾಲ್ಕೈದು ಪುಟಕ್ಕೆ ಮುಗಿಯುತ್ತದೆ. ‘ಕ್ಷಾರ’ದಂಥ ಮೋಸದ ಪದಗಳಿಗೆ ಕೆಂಪು ಗುರುತಿರಲಿ. ಆದೋನಿ, ಬಳ್ಳಾರಿಯ ವಿಜ್ಞಾನ ಮೇಷ್ಟ್ರುಗಳು ಎರಡು ಭಾನುವಾರ ಕೂತರೆ ಪಟ್ಟಿ ಸಿದ್ಧ. ಅಚ್ಚಿನ ಖರ್ಚನ್ನು ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರಲಿ. ಹಂಚುವ ಕೆಲಸ ಆಂಧ್ರದ ಶಿಕ್ಷಣ ಇಲಾಖೆ ಮಾಡಲಿ.

ಗಡಿಯ ಕನ್ನಡ ಉಳಿಯಬೇಕು ಅಂತ ನವೆಂಬರಿನಲ್ಲಿ ಭಾಷಣ ಮಾಡುವವರು ಮಾರ್ಚ್‌ನ ಪರೀಕ್ಷೆಗೆ ಮೊದಲು ಇದೊಂದನ್ನು ಮಾಡಿಕೊಟ್ಟರೆ ಚೆನ್ನ. ಕನ್ನಡ ಗೊತ್ತಿದ್ದದ್ದಕ್ಕೇ ಮಗುವಿನ ಅಂಕ ಹೋಗುವಂತಾಗಬಾರದು.