ರಕ್ತ ತೆಳು ಮಾಡೋ ಇಂಜೆಕ್ಷನ್‌ನಿಂದಲೇ ರಕ್ತ ಹೆಪ್ಪುಗಟ್ಟಿದರೆ? ಲಕ್ವ ರೋಗಿಗಳ ಮನೆಯವರು ತಿಳಿದಿರಬೇಕಾದ ಲೆಕ್ಕ

ಪ್ರತಿವರ್ಷ ಅಕ್ಟೋಬರ್ 29, ವಿಶ್ವ ಪಾರ್ಶ್ವವಾಯು ದಿನ ಬಂದಾಗ ನಮಗೆ ಹೇಳೋದು ಒಂದೇ ಮಾತು: ಬಾಯಿ ಸೊಟ್ಟಗಾಯ್ತು, ಕೈ ಬಿದ್ದುಹೋಯ್ತು, ಮಾತು ತೊದಲಿತು ಅಂದ್ರೆ ತಕ್ಷಣ ಆಸ್ಪತ್ರೆಗೆ ಓಡಿ, ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಇರೋದು 4.5 ಗಂಟೆ ಅಷ್ಟೇ. ಸರಿಯಾದ ಮಾತು. ಆದರೆ ಡಿಸ್ಚಾರ್ಜ್ ಆಗಿ ಊರಿಗೆ ಬಂದ ಮೇಲಿನ ದಿನಗಳ ಬಗ್ಗೆ ಮಾತಾಡೋರು ಕಡಿಮೆ.

ವಿಷಯ ಹೆಪಾರಿನ್ ಇಂಜೆಕ್ಷನ್‌ದು. ಲಕ್ವ ಹೊಡೆದ ಎಲ್ಲರಿಗೂ ಇದನ್ನು ಕೊಡಲ್ಲ. ಹಾಸಿಗೆ ಹಿಡಿದವರ ಕಾಲಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಕೆಲವರಿಗೆ ಕೊಡ್ತಾರೆ. ಮಿದುಳಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟೋ ಸ್ಟ್ರೋಕ್ ಬಾಣಂತಿಯರಿಗೂ ಬರೋದುಂಟು. ಅದಕ್ಕಂತೂ ಹೆಪಾರಿನ್ನೇ ಮುಖ್ಯ ಔಷಧ.

ಅಪರೂಪಕ್ಕೆ ಕೆಲವರ ದೇಹ ಈ ಔಷಧದ ವಿರುದ್ಧವೇ ತಿರುಗಿಬೀಳುತ್ತೆ. ಹೆಪಾರಿನ್ ಪ್ಲೇಟ್‌ಲೆಟ್‌ನ ಒಂದು ಪ್ರೋಟೀನಿಗೆ ಅಂಟಿಕೊಂಡಾಗ ದೇಹ ಪ್ರತಿಕಾಯ ತಯಾರಿಸುತ್ತೆ. ಅದು ಪ್ಲೇಟ್‌ಲೆಟ್‌ಗಳನ್ನೇ ಕೆರಳಿಸುತ್ತೆ. ಆಗ ಪ್ಲೇಟ್‌ಲೆಟ್ ಇಳಿಯುತ್ತೆ, ಜೊತೆಗೆ ರಕ್ತ ಹೆಪ್ಪುಗಟ್ಟುತ್ತೆ. ಕಾಲು, ಶ್ವಾಸಕೋಶ, ಮತ್ತೆ ಮಿದುಳಿಗೂ ಕುತ್ತು. ಸಾಮಾನ್ಯವಾಗಿ ಇದು ಹೆಪಾರಿನ್ ಶುರುವಾದ 5ರಿಂದ 10 ದಿನದೊಳಗೆ ಕಾಣುತ್ತೆ. ಹಿಂದಿನ ಮೂರು ತಿಂಗಳಲ್ಲಿ ಹೆಪಾರಿನ್ ತಗೊಂಡಿದ್ದರೆ ಒಂದೇ ದಿನದಲ್ಲೂ ಆಗಬಹುದು.

ಎಡವಟ್ಟಾಗೋದು ಇಲ್ಲೇ. ಅಷ್ಟೊತ್ತಿಗೆ ರೋಗಿ ಮನೆಯಲ್ಲಿರಬಹುದು. ಕಾಲು ಊದಿದರೆ ‘ಮಲಗೇ ಇದ್ದಾರಲ್ಲ, ಅದಕ್ಕೆ’ ಅಂತ ಎಣ್ಣೆ ತಿಕ್ಕುತ್ತೇವೆ. ಪ್ಲೇಟ್‌ಲೆಟ್ ಅಂದ್ರೆ ನಮಗೆ ಡೆಂಗ್ಯೂ, 20 ಸಾವಿರಕ್ಕೆ ಇಳಿದರೆ ಗಾಬರಿ. ಇಲ್ಲಿ ಲೆಕ್ಕ ಬೇರೆ. 3 ಲಕ್ಷ ಇದ್ದದ್ದು 1.4 ಲಕ್ಷಕ್ಕೆ ಬಂದರೂ ಅರ್ಧಕ್ಕಿಂತ ಜಾಸ್ತಿ ಇಳಿದ ಹಾಗೆ. ಹಳೇ ರಿಪೋರ್ಟ್ ಕೈಲಿಲ್ಲದಿದ್ದರೆ ಆ ಇಳಿತ ಯಾವ ಡಾಕ್ಟರಿಗೂ ಕಾಣಲ್ಲ.

ಪ್ಲೇಟ್‌ಲೆಟ್ ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಿಲ್ಲ, ತಾಲ್ಲೂಕಿನಲ್ಲೇ ಆಗುತ್ತೆ. ಕೊರತೆ ಇರೋದು ಮಾಹಿತಿಯದು. ಡಿಸ್ಚಾರ್ಜ್ ಚೀಟಿ ಇಂಗ್ಲಿಷ್‌ನಲ್ಲಿರುತ್ತೆ. ಹೆಪಾರಿನ್ ಬದಲು ಎನಾಕ್ಸಪಾರಿನ್ ಅಂತ ಇರಬಹುದು. ಅದೂ ಅದೇ ಗುಂಪಿನದು, ಅಪಾಯ ಕಡಿಮೆ ಅಷ್ಟೇ. ಯಾವ ತಾರೀಕಿನಿಂದ ಕೊಟ್ಟರು, ಆಗ ಪ್ಲೇಟ್‌ಲೆಟ್ ಎಷ್ಟಿತ್ತು, ಮತ್ತೆ ಯಾವಾಗ ನೋಡಿಸಬೇಕು ಅಂತ ಕನ್ನಡದಲ್ಲಿ ಎರಡು ಸಾಲು ಬರೆದುಕೊಡೋಕೆ ದೊಡ್ಡಾಸ್ಪತ್ರೆಗಳಿಗೆ ಖರ್ಚೇನೂ ಇಲ್ಲ. ಆರೋಗ್ಯ ಇಲಾಖೆ ಇದನ್ನು ಕೇಳಿ ಮಾಡಿಸಬೇಕು.

ಅಲ್ಲೀವರೆಗೆ ಡಿಸ್ಚಾರ್ಜ್ ದಿನ ನಾವೇ ಕೇಳೋಣ: ‘ಹೆಪಾರಿನ್ ಕೊಟ್ಟಿದ್ದೀರಾ ಸಾರ್? ಪ್ಲೇಟ್‌ಲೆಟ್ ಯಾವತ್ತು ನೋಡಿಸಲಿ?’ ಕಾಲು ಊದಿ ನೋವಾದರೆ ಅವತ್ತೇ ಚೀಟಿ ಹಿಡಿದು ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ 108ಕ್ಕೆ ಫೋನ್ ಮಾಡಿ.

ಇದನ್ನು ಓದಿ ಹೆದರಿ ರಕ್ತ ತೆಳು ಮಾಡೋ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ. ಈ ತೊಂದರೆ ಬಂದವರಿಗೂ ವೈದ್ಯರು ಹೆಪಾರಿನ್ ನಿಲ್ಲಿಸಿ, ರಕ್ತ ತೆಳು ಮಾಡೋ ಬೇರೆ ಔಷಧವನ್ನೇ ಕೊಡ್ತಾರೆ.