ರಹಸ್ಯ ಧಾರಾವಾಹಿ: ವೀಕ್ಷಕನ ತರ್ಕಕ್ಕೆ ಬೆಲೆ ಉಂಟೇ?

ಕ್ಯಾತ್ಸಂದ್ರ: ಬೆಂಗಳೂರಿನ ಕಡೆಯ ಬೆಳಗಿನ ರೈಲಿಗೆ ಕಾಯುವ ನೌಕರರಿಗೂ, ಹೋಟೆಲಿನಲ್ಲಿ ತಟ್ಟೆ ಇಡ್ಲಿಗೆ ಕಾಯುವವರಿಗೂ ಹಿಂದಿನ ರಾತ್ರಿಯ ಧಾರಾವಾಹಿ ಸುಲಭವಾಗಿ ಒದಗುವ ಮಾತಿನ ವಸ್ತು. ಅದು ರಹಸ್ಯದ ಕಥೆಯಾಗಿದ್ದರಂತೂ ಚರ್ಚೆ ರಂಗೇರುತ್ತದೆ. ಬೀಗದ ಕೈ ಯಾರ ಬಳಿ ಇತ್ತು, ಅತ್ತೆ ಆ ಪತ್ರವನ್ನು ಬಚ್ಚಿಟ್ಟದ್ದೇಕೆ, ಸತ್ತನೆಂದವನು ನಿಜಕ್ಕೂ ಸತ್ತನೇ ಎಂದು ಒಬ್ಬೊಬ್ಬರದೂ ಒಂದೊಂದು ವಾದ. ಇದನ್ನು ಕಾಲಹರಣವೆಂದು ತಳ್ಳಿಹಾಕುವುದು ತರವಲ್ಲ. ಕಂಡ ಸುಳಿವಿನಿಂದ ಕಾಣದ ಸತ್ಯವನ್ನು ಊಹಿಸುವ ಈ ಶ್ರಮದ ಹಿಂದೆ ಒಂದು ನಂಬಿಕೆಯಿದೆ. ಕಥೆಗಾರ ತೋರಿಸಿದ ಸುಳಿವಿಗೆ ಕೊನೆಯಲ್ಲಿ ಅರ್ಥ ಸಿಕ್ಕೇ ಸಿಗುತ್ತದೆ ಎಂಬುದೇ ಆ ನಂಬಿಕೆ. ಇಂದಿನ ಕಿರುತೆರೆ ಅದನ್ನು ಉಳಿಸಿಕೊಳ್ಳುತ್ತಿದೆಯೇ ಎಂಬುದು ಪ್ರಶ್ನೆ.

ಹಾಗೆ ನೋಡಿದರೆ ಕನ್ನಡಿಗರಿಗೆ ಈ ಆಟ ಹೊಸದಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಒಂದು ತಲೆಮಾರಿಗೆ ಓದಿನ ಗೀಳು ಹಚ್ಚಿದವು. ವಾರಪತ್ರಿಕೆಗಳ ಧಾರಾವಾಹಿಗಳು ಓದುಗರನ್ನು ಏಳು ದಿನ ಕಾಯಿಸುತ್ತಿದ್ದವು. ಆ ಏಳು ದಿನಗಳೇ ಚರ್ಚೆಯ ಅವಧಿಯಾಗಿದ್ದವು. 1993ರಲ್ಲಿ ದೂರದರ್ಶನದಲ್ಲಿ ಬಂದ ಬಾಸು ಚಟರ್ಜಿ ನಿರ್ದೇಶನದ ‘ಬ್ಯೋಮಕೇಶ್ ಬಕ್ಷಿ’ಯನ್ನು ಹಿಂದಿ ಅಷ್ಟಾಗಿ ಬಾರದವರೂ ನೋಡಿದರು. ಅಂದು ದೂರದರ್ಶನ ಧಾರಾವಾಹಿಗಳಿಗೆ ಸಾಮಾನ್ಯವಾಗಿ 13 ಕಂತುಗಳ ಲೆಕ್ಕದಲ್ಲಿ ಒಪ್ಪಿಗೆ ನೀಡುತ್ತಿತ್ತು. ಕಥೆ ಎಲ್ಲಿ ಮುಗಿಯಬೇಕೆಂಬುದು ಬರೆಯುವವನಿಗೆ ಮೊದಲೇ ತಿಳಿದಿರುತ್ತಿತ್ತು.

ಕಾಯುವಿಕೆಯ ಬಲ ಎಷ್ಟೆಂಬುದಕ್ಕೆ ಅಮೆರಿಕದ ‘ಡಲ್ಲಾಸ್’ ಧಾರಾವಾಹಿ ಪ್ರಸಿದ್ಧ ನಿದರ್ಶನ. 1980ರ ಮಾರ್ಚ್‌ನಲ್ಲಿ ಅದರ ಪ್ರಮುಖ ಪಾತ್ರ ಜೆ.ಆರ್. ಮೇಲೆ ಗುಂಡು ಹಾರಿತು. ಹಾರಿಸಿದವರು ಯಾರೆಂಬುದು ತಿಳಿದದ್ದು ನವೆಂಬರ್‌ನಲ್ಲಿ. ನಟರ ಮುಷ್ಕರವೂ ಸೇರಿ ಲಂಬಿಸಿದ ಈ ಎಂಟು ತಿಂಗಳು ಅಲ್ಲಿನ ಜನ ಪಣ ಕಟ್ಟಿ ಚರ್ಚಿಸಿದರು. ಆದರೆ 1990ರಲ್ಲಿ ಆರಂಭವಾದ ‘ಟ್ವಿನ್ ಪೀಕ್ಸ್’ನ ಕಥೆಯೇ ಬೇರೆ. ಕೊಲೆಗಾರನ ಗುಟ್ಟನ್ನು ಬೇಗ ಬಿಟ್ಟುಕೊಡಲು ನಿರ್ದೇಶಕ ಡೇವಿಡ್ ಲಿಂಚ್ ಅವರಿಗೆ ಇಷ್ಟವಿರಲಿಲ್ಲ. ವಾಹಿನಿಯ ಒತ್ತಡಕ್ಕೆ ಮಣಿದು ಆ ವರ್ಷದ ನವೆಂಬರ್‌ನಲ್ಲಿ ಉತ್ತರ ಹೇಳಲಾಯಿತು. ಬಳಿಕ ಧಾರಾವಾಹಿ ಚೇತರಿಸಿಕೊಳ್ಳದೆ 1991ರಲ್ಲಿ ನಿಂತಿತು.

ನಮ್ಮ ಖಾಸಗಿ ವಾಹಿನಿಗಳಲ್ಲಿ ಸಂಕಟ ಇದಕ್ಕೆ ವಿರುದ್ಧವಾದುದು. ಇಲ್ಲಿ ಉತ್ತರ ಬೇಗ ಬರುವುದಿಲ್ಲ, ಬರುವುದೇ ಇಲ್ಲ. ದೈನಿಕ ಧಾರಾವಾಹಿಯ ಆಯುಷ್ಯವನ್ನು ನಿರ್ಧರಿಸುವುದು ಕಥೆಯಲ್ಲ, ವಾರವಾರವೂ ಹೊರಬೀಳುವ ಟಿಆರ್‌ಪಿ. ಅಂಕ ಏರಿದರೆ ಕಥೆಯನ್ನು ಎಳೆಯಲಾಗುತ್ತದೆ, ಇಳಿದರೆ ದಿಕ್ಕು ಬದಲಿಸಲಾಗುತ್ತದೆ. ಆರಂಭದಲ್ಲಿ ಬಿತ್ತಿದ ಸುಳಿವು ನೂರು ಕಂತು ಕಳೆಯುವಷ್ಟರಲ್ಲಿ ಬರೆಯುವವರಿಗೇ ಮರೆತಿರುತ್ತದೆ. ವೀಕ್ಷಕ ಮಾತ್ರ ಮರೆತಿರುವುದಿಲ್ಲ. ಸರಿಯಾಗಿ ಊಹಿಸಿದವನಿಗೂ ತಪ್ಪಾಗಿ ಊಹಿಸಿದವನಿಗೂ ಕೊನೆಗೆ ಒಂದೇ ಫಲವೆಂದಾದರೆ ಚರ್ಚೆಗೆ ಅರ್ಥವೇನು?

ಕಥೆಗಾರರ ಕೈಮೀರಿದ ಸಂದರ್ಭಗಳೂ ಉಂಟು. ಟಿ.ಎನ್. ಸೀತಾರಾಂ ಅವರ ‘ಮಗಳು ಜಾನಕಿ’ ಶುದ್ಧ ಪತ್ತೇದಾರಿ ಕಥೆಯಲ್ಲದಿದ್ದರೂ, ನ್ಯಾಯಾಲಯದ ವಾದಗಳನ್ನು ವೀಕ್ಷಕರು ಮನೆಮನೆಗಳಲ್ಲಿ ಮುಂದುವರಿಸುವಂತೆ ಮಾಡಿತ್ತು. 2018ರಲ್ಲಿ ಆರಂಭವಾದ ಅದು 2020ರ ಕೊರೊನಾ ಲಾಕ್‌ಡೌನ್ ವೇಳೆ ಅರ್ಧಕ್ಕೇ ನಿಂತಿತು. ಅಭಿಮಾನಿಗಳ ಬೇಸರ ಕೇವಲ ಮನರಂಜನೆ ತಪ್ಪಿದ್ದಕ್ಕಲ್ಲ, ತೀರ್ಪು ಬಾರದ ಮೊಕದ್ದಮೆಯಂತೆ ಕಥೆ ಉಳಿದುಹೋದದ್ದಕ್ಕೆ.

ಈಗ ಒಟಿಟಿ ವೇದಿಕೆಗಳು ಬೇರೊಂದು ದಾರಿ ತೋರಿಸುತ್ತಿವೆ. 2025ರ ಏಪ್ರಿಲ್‌ನಲ್ಲಿ ಜೀ5ರಲ್ಲಿ ಬಂದ ರಮೇಶ್ ಇಂದಿರಾ ನಿರ್ದೇಶನದ ‘ಅಯ್ಯನ ಮನೆ’ ಚಿಕ್ಕಮಗಳೂರಿನ ಕುಟುಂಬವೊಂದರ ನಿಗೂಢ ಸಾವುಗಳ ಸುತ್ತ ಹೆಣೆದ ಕಥೆ. ಇಂಥ ಸರಣಿಗಳಲ್ಲಿ ಕಂತುಗಳು ಕೆಲವೇ, ಅಂತ್ಯ ನಿಶ್ಚಿತ. ಸುಳಿವುಗಳಿಗೆ ಲೆಕ್ಕ ಒಪ್ಪಿಸುವುದು ಇಲ್ಲಿ ಸಾಧ್ಯ. ಆದರೆ ಎಲ್ಲ ಕಂತುಗಳೂ ಒಟ್ಟಿಗೆ ಕೈಗೆ ಸಿಕ್ಕಾಗ ರಾತ್ರಿ ಕಳೆಯುವುದರೊಳಗೆ ರಹಸ್ಯವೂ ಕಳೆಯುತ್ತದೆ. ಮರುದಿನ ಒಬ್ಬರು ಪೂರ್ತಿ ನೋಡಿರುತ್ತಾರೆ, ಇನ್ನೊಬ್ಬರು ಆರಂಭಿಸಿಯೇ ಇರುವುದಿಲ್ಲ. ‘ಯಾರಿರಬಹುದು?’ ಎಂಬ ಪ್ರಶ್ನೆಯ ಜಾಗದಲ್ಲಿ ‘ದಯವಿಟ್ಟು ಹೇಳಬೇಡಿ’ ಎಂಬ ವಿನಂತಿ ಬಂದು ಕೂರುತ್ತದೆ.

ಹೀಗೆ ಒಂದು ಕಡೆ ಕಾಯುವಿಕೆ ಇದೆ, ಉತ್ತರವಿಲ್ಲ. ಇನ್ನೊಂದು ಕಡೆ ಉತ್ತರ ಇದೆ, ಕಾಯುವಿಕೆಯಿಲ್ಲ. ಇವೆರಡರ ನಡುವಿನ ಹಾದಿ ಕಷ್ಟದ್ದೇನೂ ಅಲ್ಲ. ಕಂತುಗಳ ಸಂಖ್ಯೆಯನ್ನು ಮೊದಲೇ ಪ್ರಕಟಿಸಿ, ವಾರಕ್ಕೊಂದರಂತೆ ಪ್ರಸಾರ ಮಾಡಿ, ಹೇಳಿದ ದಿನ ಮುಗಿಸಿದರೆ ಸಾಕು. ಹಿಂದಿನ ವಾರಪತ್ರಿಕೆಗಳೂ ದೂರದರ್ಶನವೂ ಹೆಚ್ಚುಕಡಿಮೆ ಇದನ್ನೇ ಮಾಡಿದ್ದವು. ಇದರಿಂದ ಟಿಆರ್‌ಪಿಗೆ ನಷ್ಟವಾದೀತೆಂಬ ಭಯ ವಾಹಿನಿಗಳಿಗೆ ಇರಬಹುದು. ಆದರೆ ವೀಕ್ಷಕನೊಬ್ಬ ಊಹಿಸುವುದನ್ನು ನಿಲ್ಲಿಸಿದ ದಿನ ಆಗುವ ನಷ್ಟ ಅದಕ್ಕಿಂತ ದೊಡ್ಡದು. ಅದು ಟಿಆರ್‌ಪಿಯ ಅಂಕಿಗಳಲ್ಲಿ ಕಾಣಿಸುವ ಹೊತ್ತಿಗೆ ಆತ ಟಿವಿ ಆರಿಸಿ ಎದ್ದುಹೋಗಿರುತ್ತಾನೆ.